ನಾಲ್ಕನೇ ನಂಬರಿನ ಹಿಂದಿನ ಸೀಟು

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದಾಗ ಮೊದಲು ಕೇಳುವುದು ಜಾತಕವನ್ನಲ್ಲ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದೂ ಅಲ್ಲ. "ಹುಡುಗ ಸಹಿ ಹಾಕ್ತಾನಾ?" ಎಂದು ಕೇಳುತ್ತಾರೆ. ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಕಾಫಿ ಲೋಟ ಮುಟ್ಟುತ್ತಾರೆ.

ಸಹಿ ಎಂದರೆ ವಿಮಾನದಳದ ಸಹಿ. ಊರಾಚೆಯ ಬಯಲಿನಲ್ಲಿ ನಮ್ಮ ಐದು ಯುದ್ಧವಿಮಾನಗಳು ನಿಂತಿವೆ. ಅವುಗಳಲ್ಲಿ ಎಲ್ಲಕ್ಕಿಂತ ಎಳೆಯದು ನನ್ನ ಅಮ್ಮನಿಗಿಂತ ಎರಡು ವರ್ಷ ದೊಡ್ಡದು. ವಿಮಾನ ಮೇಲೇರುವ ಮೊದಲು ತನಿಖೆ ಮಾಡಿದವರು ರಿಜಿಸ್ಟರಿನಲ್ಲಿ 'ಹಾರಲು ಯೋಗ್ಯ' ಎಂದು ಸಹಿ ಹಾಕಬೇಕು. ಸಹಿ ಹಾಕಿದವರ ಸ್ವಂತದವರೊಬ್ಬರು ಆ ವಿಮಾನದ ಹಿಂದಿನ ಸೀಟಿನಲ್ಲಿ ಕೂತು ಹೋಗಿಬರಬೇಕು. ಹಿಂದೆ ಒಬ್ಬ ತನಿಖಾಧಿಕಾರಿ ಪ್ರತಿ ಸಲವೂ ಹೆಂಡತಿಯ ತಾಯಿಯನ್ನೇ ಕೂರಿಸುತ್ತಿದ್ದನಂತೆ. ಆಕೆ ನಲವತ್ತೆರಡು ಸಲ ಹೋಗಿ ನಲವತ್ತೆರಡು ಸಲವೂ ಕ್ಷೇಮವಾಗಿ ಇಳಿದು, ಒಂದೊಂದು ಸಲ ಇಳಿದಾಗಲೂ ಇನ್ನಷ್ಟು ಗಟ್ಟಿ ದನಿಯಲ್ಲಿ ಮಾತಾಡತೊಡಗಿದ್ದರಿಂದ ಅವನೇ ಕೆಲಸ ಬಿಟ್ಟ. ಅವನ ನಂತರ ಬಂದವನಿಗೆ ಮಕ್ಕಳೆಂದರೆ ಪ್ರಾಣ. ಅವನು ಏಳು ವರ್ಷ ಒಂದೂ ಸಹಿ ಹಾಕಲಿಲ್ಲ. ವಿಮಾನಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದವು.

ಕೊನೆಗೆ ದಳದವರು ಹುಡುಕಿ ಹುಡುಕಿ ಧರಣಪ್ಪನವರನ್ನು ತಂದರು. ಧರಣಪ್ಪನವರಿಗೆ ತಂದೆ ತಾಯಿ ಇಲ್ಲ, ಹೆಂಡತಿ ಮಕ್ಕಳಿಲ್ಲ, ದೂರದ ದಾಯಾದಿಗಳೂ ಇಲ್ಲ. ಸೀಟು ಖಾಲಿ ಬಿಡುವಂತಿಲ್ಲವಲ್ಲ, ಸ್ವಂತದ್ದು ಎನ್ನಲು ಅವರಿಗಿದ್ದುದು ಒಂದು ಕಪ್ಪು ಕೊಡೆ. ಅದನ್ನೇ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿ ಬೆಲ್ಟು ಬಿಗಿಯುತ್ತಿದ್ದರು. ಹದಿನೈದು ವರ್ಷ ಆ ಕೊಡೆ ಐದೂ ವಿಮಾನಗಳಲ್ಲಿ ಹಾರಿತು. ಇಳಿದಾಗ ಕಾವಲುಗಾರರು ಅದಕ್ಕೆ ಸೆಲ್ಯೂಟ್ ಹೊಡೆಯುತ್ತಿದ್ದರು.

ಹಾರಾಟವಿರುವ ದಿನ ಊರಿನವರು ಮಹಡಿಯ ಮೇಲೆ ಹಪ್ಪಳ ಒಣಹಾಕುತ್ತಿರಲಿಲ್ಲ, ಎಣ್ಣೆ ತೊಟ್ಟಿಕ್ಕುತ್ತದೆಂದು. ಬಿಳಿ ಪಂಚೆಗಳನ್ನು ಹಿತ್ತಲಿನಿಂದ ಒಳಗೆ ತರುತ್ತಿದ್ದರು. ಅಂಗಳದಲ್ಲಿ ನಟ್ಟೋ ಬೋಲ್ಟೋ ಬಿದ್ದಿದ್ದರೆ ಎತ್ತಿಕೊಂಡು ಹೋಗಿ ದಳದ ಗೇಟಿನಲ್ಲಿ ಇಟ್ಟಿರುವ ತಗಡಿನ ಡಬ್ಬಿಗೆ ಹಾಕುತ್ತಿದ್ದರು. ಮಾರನೆಯ ದಿನ ಮೆಕ್ಯಾನಿಕ್ಕುಗಳು ಆ ಡಬ್ಬಿಯನ್ನು ಸುರುವಿಕೊಂಡು, ಎಲ್ಲಿ ತೂತು ಕಂಡರೆ ಅಲ್ಲಿಗೆ ಹೊಂದುವುದನ್ನು ಹಾಕಿ ತಿರುಗಿಸುತ್ತಿದ್ದರು. ನಮ್ಮೂರಿನವರು ಈ ವಿಷಯದಲ್ಲಿ ಬಹಳ ಪ್ರಾಮಾಣಿಕರು.

ನಾನು ಬಿ.ಎ. ಮುಗಿಸಿ ಮನೆಯಲ್ಲಿ ಎರಡು ವರ್ಷ ಕೂತ ಮೇಲೆ ಇದೇ ದಳದಲ್ಲಿ ರಿಜಿಸ್ಟರು ಬರೆಯುವ ಕೆಲಸ ಸಿಕ್ಕಿತು. "ಅಕ್ಷರ ದುಂಡಗಿದೆ, ಮಾತು ಕಮ್ಮಿ ಇದೆ, ಇನ್ನೇನು ಬೇಕು?" ಎಂದರು ದಳಪತಿ ಕೆಂಪರಾಜು. ಮಾತು ಕಮ್ಮಿ ಎಂದರೆ ಎಷ್ಟು ಕಮ್ಮಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಬೇಡ ಎನ್ನಲಾರದೆ ಮದುವೆ ಮನೆಗಳಲ್ಲಿ ಮೂರನೇ ಸಲ ಬಡಿಸಿದ ಪಾಯಸವನ್ನೂ ಕುಡಿದವಳು. ಬಟ್ಟೆ ಅಂಗಡಿಯವನು "ನಿಮಗೆ ಇದೇ ಚೆನ್ನಾಗಿ ಒಪ್ಪುತ್ತೆ" ಎಂದದ್ದಕ್ಕೆ ನನಗೆ ಕಂಡರಾಗದ ಸಾಸಿವೆ ಬಣ್ಣದ ಸೀರೆ ಮೂರು ತಂದವಳು. ಹೇಳಬೇಕಾದದ್ದನ್ನೆಲ್ಲ ಸಂಜೆ ಡೈರಿಯಲ್ಲಿ ಬರೆದುಕೊಂಡರೆ ನನಗೆ ಸಮಾಧಾನ.

ಕೆಲಸವೂ ಅಂಥದ್ದೇ ಇತ್ತು. ಧರಣಪ್ಪನವರು ವಿಮಾನದ ಹೊಟ್ಟೆಯ ಮೇಲೆ ಬೆರಳಿನ ಗೆಣ್ಣಿನಿಂದ ಮೂರು ಸಲ ಕುಟ್ಟಿ, ಕಲ್ಲಂಗಡಿ ಕೊಳ್ಳುವವರ ಹಾಗೆ ಕಿವಿಗೊಟ್ಟು, "ಹಾರುತ್ತೆ, ಬರ್ಕೊಮ್ಮಾ" ಎನ್ನುತ್ತಿದ್ದರು. ನಾನು 'ಹಾರಲು ಯೋಗ್ಯ' ಎಂದು ಬರೆಯುತ್ತಿದ್ದೆ. ಅವರು ಸಹಿ ಹಾಕುತ್ತಿದ್ದರು. ಆಮೇಲೆ ನಾಲ್ಕನೇ ನಂಬರಿನ ಪೈಲಟ್ ಮಲ್ಲಿನಾಥ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತು, "ಏನ್ರೀ ಮಂಜರಿ, ಇವತ್ತು ವಾಪಸ್ ಬರ್ತೀನಾ? ನಿಮ್ಮ ರಿಜಿಸ್ಟರಲ್ಲಿ ಏನಿದೆ?" ಎಂದು ನಗುತ್ತಿದ್ದರು. ನಾನು ಮಸಿಬುಡ್ಡಿಯನ್ನು ನೋಡುತ್ತಿದ್ದೆ. ಅವರು ಇಳಿದುಬರುವವರೆಗೂ ಒಂದು ಸಾಲನ್ನೂ ನೆಟ್ಟಗೆ ಬರೆಯಲಾಗುತ್ತಿರಲಿಲ್ಲ ಎಂಬುದು ನನ್ನ ಡೈರಿಗೆ ಮಾತ್ರ ಗೊತ್ತು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು, ಚಂದ್ರತ್ತೆ ಆ ದಿನ ನನ್ನ ಬುತ್ತಿ ತರದೆ ಇದ್ದಿದ್ದರೆ.

ಚಂದ್ರತ್ತೆ ಅಪ್ಪನ ಅಕ್ಕ. ವಯಸ್ಸು ಐವತ್ತು ದಾಟಿದೆ. ಹೊಲಿಗೆ ಯಂತ್ರ ತುಳಿದು ತನ್ನ ಬದುಕನ್ನು ತಾನೇ ನೋಡಿಕೊಂಡವಳು. ಮದುವೆಗೆ ಬಂದ ಗಂಡುಗಳನ್ನೆಲ್ಲ ಒಂದೊಂದು ಮಾತಿನಲ್ಲಿ ಮುಗಿಸಿ ಕಳಿಸಿದ್ದಳು. ಅವತ್ತು ಮಧ್ಯಾಹ್ನ ನಾನು ಮರೆತುಬಂದಿದ್ದ ಡಬ್ಬಿ ಹಿಡಿದು ಬಂದವಳು ವಿಮಾನದೊಳಗೆ ಬೆಲ್ಟು ಕಟ್ಟಿಕೊಂಡು ಕೂತ ಕೊಡೆಯನ್ನು ನೋಡಿ ನಿಂತುಬಿಟ್ಟಳು.

"ಏನ್ರೀ, ಈ ಕೊಡೆ ಎಲ್ಲಿಗೆ ಹೊರಟಿದೆ?"

"ಮೇಲಕ್ಕಮ್ಮ," ಎಂದರು ಧರಣಪ್ಪ.

"ನಾನು ಹುಟ್ಟಿದಾಗಿಂದ ಈ ಊರಲ್ಲಿದೀನಿ. ತಾಲೂಕು ಆಫೀಸಿನ ಎರಡನೇ ಮಹಡಿಗಿಂತ ಮೇಲೆ ಹೋಗಿಲ್ಲ. ಈ ಕೊಡೆ ಯಾವ ಪುಣ್ಯ ಮಾಡಿತ್ತು?"

"ಅದು ನನ್ನದು ಕಣಮ್ಮ. ನನ್ನದಾದ್ದರಿಂದ ಹೋಗುತ್ತೆ."

ಚಂದ್ರತ್ತೆ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಬಟ್ಟೆಯ ಅಳತೆ ತೆಗೆಯುವವಳ ಹಾಗೆ. "ಹಾಗಾದ್ರೆ ನಾನು ನಿಮ್ಮವಳಾದ್ರೆ?"

ಧರಣಪ್ಪನವರ ಕೈಲಿದ್ದ ಸ್ಪ್ಯಾನರು ಅವರ ಕಾಲಿನ ಮೇಲೆಯೇ ಬಿತ್ತು. ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ. ಒಂದು ತಿಂಗಳೊಳಗೆ ಮದುವೆಯಾಯಿತು. ಹುಡುಗ ಸಹಿ ಹಾಕುತ್ತಾನೆ ಎಂಬ ಕಾರಣಕ್ಕೇ ಒಪ್ಪಿದ ಹೆಣ್ಣು ನಮ್ಮೂರ ಚರಿತ್ರೆಯಲ್ಲಿ ಚಂದ್ರತ್ತೆ ಒಬ್ಬಳೇ.

ಮದುವೆಯಾದ ಮರುವಾರ ನಾಲ್ಕನೇ ನಂಬರಿನ ತನಿಖೆ ಇತ್ತು. ವರ್ಷಕ್ಕೊಮ್ಮೆ ಬರುವ ಶೌರ್ಯದಿನದ ಹಾರಾಟಕ್ಕೆ ಇನ್ನು ಹತ್ತೇ ದಿನ. ಧರಣಪ್ಪನವರು ಎಂದಿನಂತೆ ಹೋಗಿ ಎರಡು ಸಲ ಕುಟ್ಟಿದರು. ಮೂರನೇ ಸಲಕ್ಕೆ ಎತ್ತಿದ ಕೈ ಹಾಗೇ ನಿಂತಿತು.

"ಮಂಜರಿ, ಆ ಟಾರ್ಚು ತಗೊಂಡು ಬಾ."

ಹದಿನೈದು ವರ್ಷದಲ್ಲಿ ಟಾರ್ಚು ಕೇಳಿದ್ದು ಅದೇ ಮೊದಲು. ವಿಮಾನದ ಕೆಳಗೆ ಗೋಣಿಚೀಲ ಹಾಸಿ ಮಲಗಿದವರು ಸಂಜೆಯವರೆಗೂ ಏಳಲಿಲ್ಲ. ಒಳಗಿನಿಂದ ಅವರ ದನಿ ಮಾತ್ರ ಬರುತ್ತಿತ್ತು, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಎಡ ರೆಕ್ಕೆಯ ಬುಡದಲ್ಲಿ ಇರಬೇಕಾದ ಆರು ಬೋಲ್ಟುಗಳಲ್ಲಿ ಎರಡು ಸೈಕಲ್ಲಿನವು, ಒಂದು ರುಬ್ಬುವ ಗ್ರೈಂಡರಿನದು. ವೈರುಗಳ ಮೇಲಿನ ಹೊದಿಕೆ ಮುಟ್ಟಿದರೆ ಉದುರುತ್ತದೆ. ಇಂಧನದ ಮುಳ್ಳು ಟ್ಯಾಂಕು ತುಂಬಿದರೂ ಬರಿದಾದರೂ ಅರ್ಧವನ್ನೇ ತೋರಿಸುತ್ತದೆ. ಅಪಾಯ ಬಂದಾಗ ಸೀಟನ್ನು ಹೊರಕ್ಕೆ ಚಿಮ್ಮಿಸುವ ಮದ್ದಿನ ಅವಧಿ ನಾನು ಹುಟ್ಟುವ ಮೊದಲೇ ಮುಗಿದಿದೆ. ಬಾಲದೊಳಗೆ ಪಾರಿವಾಳದ ಗೂಡು, ಮೊಟ್ಟೆ ಎರಡು.

ಹೊರಗೆ ಬಂದಾಗ ಧರಣಪ್ಪನವರ ಮುಖ ಬೂದಿ ಬಣ್ಣವಾಗಿತ್ತು. "ಇದನ್ನ ನಾನು ಹದಿನೈದು ವರ್ಷ ಹಾರಿಸಿದೀನಲ್ಲಮ್ಮ," ಎಂದರು. "ಒಂದು ದಿನವಾದ್ರೂ ಬೋಲ್ಟು ಎಣಿಸಲಿಲ್ಲವಲ್ಲ."

"ಈಗ ಏನು ಬರೀಲಿ?" ಎಂದೆ.

"ನನ್ನ ಕೈಲಿ ಸಹಿ ಆಗಲ್ಲ ಅಂತ ಬರಿ."

ಚಂದ್ರತ್ತೆಗೆ ಸಿಟ್ಟು ಬಂತು. "ಕೊಡೆ ಕೂತಾಗ ಚೆನ್ನಾಗಿದ್ದ ವಿಮಾನ ನಾನು ಕೂರೋ ಹೊತ್ತಿಗೆ ಕೆಟ್ಟುಹೋಯ್ತಾ? ನಿಮಗೆ ಆ ಕೊಡೆ ಮೇಲಿರೋ ನಂಬಿಕೆ ನನ್ನ ಮೇಲಿಲ್ಲ."

"ನಂಬಿಕೆ ಇರಬೇಕಾದ್ದು ಬೋಲ್ಟಿನ ಮೇಲೆ ಕಣೇ."

"ಇಷ್ಟು ವರ್ಷ ಬೀಳದೇ ಇದ್ದದ್ದು ಈಗ ಬೀಳುತ್ತಾ? ನನ್ನ ಹೊಲಿಗೆ ಮಿಷನ್ನು ನಮ್ಮಜ್ಜಿ ಕಾಲದ್ದು. ಇವತ್ತಿಗೂ ಕಟಕಟ ಅಂತ ಓಡುತ್ತೆ."

"ಮಿಷನ್ನು ನಿಂತರೆ ದಾರ ತುಂಡಾಗುತ್ತೆ, ಚಂದ್ರಾ. ಇದು ನಿಂತರೆ?"

ಅವತ್ತು ರಾತ್ರಿ ಅವರ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲವಂತೆ.

ದಳಪತಿ ಕೆಂಪರಾಜು ಮಾರನೆಯ ದಿನ ಬೆಳಿಗ್ಗೆ ಮೀಸೆ ತಿರುವುತ್ತ ಬಂದರು. ಗುಡ್ಡದಾಚೆಯ ಊರಿನವರು ನಮ್ಮ ಶತ್ರುಗಳು. ಯಾವಾಗಿನಿಂದ, ಯಾಕೆ ಎಂಬುದು ಯಾರಿಗೂ ನೆನಪಿಲ್ಲ. ನಮ್ಮೂರಿಗೆ ಬದನೆಕಾಯಿ ಬರುವುದು ಅಲ್ಲಿಂದಲೇ. ಅವರ ಮುಖಂಡರು ಪ್ರತಿ ಶೌರ್ಯದಿನಕ್ಕೂ ಅತಿಥಿಗಳಾಗಿ ಬಂದು, ಮುಂದಿನ ಸಾಲಿನಲ್ಲಿ ಕೂತು, ನಮ್ಮ ವಿಮಾನಗಳನ್ನು ನೋಡಿ ಹೆದರಿ ಹೋಗಬೇಕು. ಉಳಿದ ನಾಲ್ಕು ವಿಮಾನಗಳು ಆ ವರ್ಷ ಸ್ಟಾರ್ಟೇ ಆಗುತ್ತಿರಲಿಲ್ಲ. ಉಳಿದಿದ್ದುದು ನಾಲ್ಕನೇ ನಂಬರು ಒಂದೇ.

"ಧರಣಪ್ಪ, ಒಂದು ಸುತ್ತು ಅಷ್ಟೆ. ಹೋಗಿ ಬಂದುಬಿಡ್ಲಿ. ಇಲ್ದಿದ್ರೆ ಅವರು ನಮ್ಮನ್ನ ಲೆಕ್ಕಕ್ಕೇ ಇಡಲ್ಲ. ಬದನೆಕಾಯಿ ಕಳಿಸೋದನ್ನ ನಿಲ್ಲಿಸಿದ್ರೆ ಏನ್ ಮಾಡ್ತೀಯ?"

"ಕುಂಬಳಕಾಯಿ ತಿಂತೀನಿ ಸಾರ್."

ದಳಪತಿಗಳು ನಿಯಮದ ಪುಸ್ತಕ ತರಿಸಿದರು. ಧೂಳು ಊದಿ, ಕನ್ನಡಕ ಏರಿಸಿ ಒಂದು ಗಂಟೆ ಓದಿದರು. ಆಮೇಲೆ ಅವರ ಮುಖ ಅರಳಿತು. ತನಿಖೆ ಮಾಡಿದವರು ಒಲ್ಲೆನೆಂದರೆ, ತನಿಖೆಯ ಹೊತ್ತಿನಲ್ಲಿ ಜೊತೆಗಿದ್ದು ಬರೆದುಕೊಂಡವರು ಸಹಿ ಹಾಕಬಹುದು. ಹಿಂದಿನ ಸೀಟಿಗೆ ಅವರ ಸ್ವಂತದವರು ಬೇಕು, ಅಷ್ಟೆ.

"ಏನಮ್ಮ ಮಂಜರಿ," ಎಂದರು, ದನಿಗೆ ಸಕ್ಕರೆ ಬೆರೆಸಿ. "ಚಂದ್ರಮ್ಮ ನಿನಗೆ ಏನಾಗಬೇಕು?"

"ಸೋದರತ್ತೆ."

"ಸ್ವಂತದವರೇ ಆಯ್ತಲ್ಲ. ಅವರಿಗೆ ಹೋಗೋಕೆ ಇಷ್ಟ, ನಿನಗೆ ಬರೆಯೋಕೆ ಬರುತ್ತೆ. ಆಗಬಹುದಾ?"

ನಾನು ಮಾತಾಡಲಿಲ್ಲ. ನಾನು ಮಾತಾಡದಿದ್ದರೆ ಜನ ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಆ ಸೀರೆಗಳೆಲ್ಲ ಹಾಗೇ ಮನೆಗೆ ಬಂದದ್ದು.

ಆ ವಾರ ಅತ್ತೆ ದಿನವೂ ನಮ್ಮ ಮನೆಗೆ ಬಂದು ನನ್ನ ತಲೆಗೆ ಎಣ್ಣೆ ಹಚ್ಚಿದಳು. "ನೀನು ನನ್ನ ಬಂಗಾರ ಕಣೇ. ನಾನು ಇನ್ನೆಷ್ಟು ವರ್ಷ ಇರ್ತೀನಿ? ಒಂದು ಸಲ ನಮ್ಮನೆ ಹಂಚನ್ನ ಮೇಲಿನಿಂದ ನೋಡ್ಕೊಂಡು ಬಂದ್ರೆ ಸಾಕು. ಬಿದ್ರೂ ಚಿಂತೆಯಿಲ್ಲ." ಧರಣಪ್ಪನವರು ನಮ್ಮ ಬಾಗಿಲಿನವರೆಗೆ ಬಂದು, ನನ್ನನ್ನು ನೋಡಿ, ಹಾಗೇ ಹಿಂದಿರುಗುತ್ತಿದ್ದರು. ಇಬ್ಬರಲ್ಲಿ ಯಾರಿಗೆ ಬೇಡ ಎನ್ನಲಿ?

ಶೌರ್ಯದಿನದ ಹಿಂದಿನ ಮಧ್ಯಾಹ್ನ ಮಲ್ಲಿನಾಥ ನಾಲ್ಕನೇ ನಂಬರಿನ ಗಾಜು ಒರೆಸುತ್ತಿದ್ದರು. ನಾನು ಧೈರ್ಯ ಮಾಡಿ ಹತ್ತಿರ ಹೋದೆ.

"ನಿಮಗೆ... ಭಯ ಆಗಲ್ವಾ?"

ಅವರು ಬಟ್ಟೆ ಹಿಂಡಿದರು. "ಓಹೋ, ಮಾತು ಬರುತ್ತೆ ನಿಮಗೆ! ನನ್ನನ್ನ ಇದನ್ನ ಯಾರೂ ಕೇಳಿರಲಿಲ್ಲ. ನಿಯಮದಲ್ಲಿ ಮನುಷ್ಯರು ಇರೋದು ಹಿಂದಿನ ಸೀಟಲ್ಲಿ ಮಾತ್ರ. ಮುಂದೆ ಕೂತಿರೋನು ಬಿಡಿಭಾಗ ಕಣ್ರೀ. ಬಿದ್ದುಹೋದ್ರೆ ಯಾರಾದ್ರೂ ಎತ್ತಿಕೊಂಡು ಬಂದು ಡಬ್ಬಿಗೆ ಹಾಕ್ತಾರೆ."

ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಶೌರ್ಯದಿನ ಬಂತು. ಬಯಲಿನ ತುಂಬ ಜನ. ಊರಿನ ನಾಲ್ಕೂ ದಿಕ್ಕಿಗೆ ಧ್ವನಿವರ್ಧಕ ಕಟ್ಟಿದ್ದರು. ಗುಡ್ಡದಾಚೆಯ ಮುಖಂಡರು ಮುಂದಿನ ಸಾಲಿನಲ್ಲಿ ಕೂತು ಹೆದರಲು ಸಿದ್ಧರಾಗಿದ್ದರು. ಚಂದ್ರತ್ತೆ ಮದುವೆಯ ರೇಷ್ಮೆ ಸೀರೆ ಉಟ್ಟು, ತಲೆಗೆ ಮಫ್ಲರ್ ಸುತ್ತಿ, ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತು ಪರಿಚಯದವರಿಗೆಲ್ಲ ಕೈ ಬೀಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಮಲ್ಲಿನಾಥ. ಧರಣಪ್ಪನವರು ಏಣಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಿದ್ದರು, ಅದನ್ನು ತೆಗೆಯದಿದ್ದರೆ ವಿಮಾನ ಹೊರಡಲಾರದು ಎಂಬಂತೆ. ಇಬ್ಬರು ಕಾವಲುಗಾರರು ಬಂದು ಅವರನ್ನೂ ಏಣಿಯನ್ನೂ ಒಟ್ಟಿಗೇ ಎತ್ತಿ ಪಕ್ಕಕ್ಕಿಟ್ಟರು.

ದಳಪತಿಗಳು ರಿಜಿಸ್ಟರನ್ನು ನನ್ನ ಮುಂದೆ ಹಿಡಿದರು. "ನೀನು ಬಾಯಿ ಬಿಡೋದೂ ಬೇಡಮ್ಮ. ಒಂದು ಸಾಲು, ಒಂದು ಸಹಿ."

ಎಡಗಡೆಯ ಪುಟದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಸೈಕಲ್ ಬೋಲ್ಟು ಇತ್ತು, ಗ್ರೈಂಡರಿನ ಬೋಲ್ಟು ಇತ್ತು. ಬಲಗಡೆಯ ಪುಟ ಖಾಲಿ. ಮೊದಲ ಅಕ್ಷರವನ್ನೇ ಮೂರು ಸಲ ತಿದ್ದಬೇಕಾಯಿತು. ಆದರೂ ಬರೆದೆ. 'ಹಾರಲು ಯೋಗ್ಯವಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿ, ಕಣ್ಣು ಮುಚ್ಚಿಕೊಂಡೆ. ಈಗ ಬೈಗುಳ ಬೀಳುತ್ತದೆ ಎಂದು ಕಾದೆ.

ಏನೂ ಬೀಳಲಿಲ್ಲ. ದಳಪತಿಗಳು ರಿಜಿಸ್ಟರನ್ನು ಪಟ್ಟನೆ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ನಮ್ಮ ದಳದಲ್ಲಿ ಆ ಸಾಲನ್ನು ಯಾರೂ ಎಂದೂ ಓದಿದವರಲ್ಲ; ಯಾವಾಗಲೂ ಇರುವುದೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಅವರು ಮೈಕಿನ ಹತ್ತಿರ ಹೋಗಿ, "ಸಹಿ ಆಯ್ತು!" ಎಂದು ಸಾರಿದರು. ಬ್ಯಾಂಡಿನವರು ಶುರುಮಾಡಿದರು. ಮಲ್ಲಿನಾಥ ಎಂಜಿನ್ನಿಗೆ ಜೀವ ಕೊಟ್ಟರು. ಅದು ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಕಪ್ಪು ಹೊಗೆ ಉಗುಳಿ ಹೊತ್ತಿಕೊಂಡಿತು.

ಬರೆದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಚಕ್ರಗಳು ನಿಧಾನವಾಗಿ ಉರುಳತೊಡಗಿದವು. ಕಾಲು ಹೇಗೆ ಓಡಿತೋ ತಿಳಿಯದು, ನಾನು ಮೈಕಿನ ಮುಂದೆ ಇದ್ದೆ.

"ಅತ್ತೆ, ಇಳಿ."

ನನ್ನ ದನಿ ನಾಲ್ಕು ದಿಕ್ಕಿನಿಂದಲೂ ನನಗೇ ವಾಪಸ್ಸು ಬಂತು. ಬ್ಯಾಂಡು ನಿಂತಿತು. ಮನೆಯ ಮಹಡಿಯ ಮೇಲಿದ್ದ ಅಮ್ಮ, "ಯಾರದಪ್ಪಾ ಇದು, ಯಾರ ಮನೆ ಹುಡುಗಿ?" ಎಂದು ಪಕ್ಕದವರನ್ನು ಕೇಳಿದಳಂತೆ.

"ಇಳಿಯಲ್ಲ ಕಣೇ!" ಎಂದು ವಿಮಾನದಿಂದ ಅತ್ತೆ ಕೂಗಿದಳು.

ದಳಪತಿಗಳ ಕಂಕುಳಿನಿಂದ ರಿಜಿಸ್ಟರು ಎಳೆದುಕೊಂಡು ತೆರೆದೆ. ಮಾತು ಬರದಿದ್ದರೂ ಓದಲು ಬರುತ್ತದಲ್ಲ. "ಹಾರಲು ಯೋಗ್ಯವಲ್ಲ ಅಂತ ಬರೆದಿದೀನಿ. ಯಾಕೆ ಅಂದ್ರೆ, ಎಡ ರೆಕ್ಕೆ, ಆರು ಬೋಲ್ಟು. ಅದರಲ್ಲಿ ಎರಡು ಸೈಕಲ್ಲಿನವು. ಒಂದು ಗ್ರೈಂಡರಿನದು, ಹಸಿರು ಬಣ್ಣ ಮೆತ್ತಿದೆ..."

ಜನರ ನಡುವಿನಿಂದ ಒಬ್ಬ ಹೆಂಗಸು ಎದ್ದಳು. "ಹಸಿರು ಬಣ್ಣವಾ? ಅದು ನಮ್ಮ ಗ್ರೈಂಡರಿಂದು! ರಿಪೇರಿಗೆ ತಗೊಂಡ್ಹೋಗುವಾಗ ದಾರೀಲಿ ಬಿದ್ದಿತ್ತು, ಎರಡು ವರ್ಷದಿಂದ ಹುಡುಕ್ತಿದೀನಿ!"

"ಸೈಕಲ್ಲಿಂದು ನನ್ನದಿರಬೇಕು," ಎಂದ ಇನ್ನೊಬ್ಬ. "ಹಿಂದಿನ ಚಕ್ರದ್ದಾ ನೋಡಮ್ಮ."

"ರೀ, ಡಬ್ಬಿಗೆ ಹಾಕಿದ್ದು ನೀವೇ ಅಲ್ವಾ? ವಿಮಾನದ್ದು ಅಂತ!"

"ರಸ್ತೇಲಿ ಬಿದ್ದಿದ್ರೆ ಎಲ್ಲಾ ವಿಮಾನದ್ದೇ ಅಂತಲ್ವೇನ್ರೀ ನಾವು ತಿಳ್ಕೊಂಡಿದ್ದು!"

ಗದ್ದಲ ಎದ್ದಿತು. ನಾನು ಓದುವುದನ್ನು ನಿಲ್ಲಿಸಲಿಲ್ಲ. ವೈರು ಓದಿದೆ, ಇಂಧನದ ಮುಳ್ಳು ಓದಿದೆ, ಪಾರಿವಾಳದ ಎರಡು ಮೊಟ್ಟೆ ಓದಿದೆ. ಬರೆದದ್ದೆಲ್ಲ ಮುಗಿದ ಮೇಲೂ ಬಾಯಿ ನಿಲ್ಲಲಿಲ್ಲ. "ಮತ್ತೆ, ಮುಂದಿನ ಸೀಟಲ್ಲಿ ಕೂತಿರೋರು ಬಿಡಿಭಾಗ ಅಲ್ಲ," ಎಂದುಬಿಟ್ಟೆ. ಮೈಕು ಕಿರ್‍ರ್ ಎಂದಿತು. ನನ್ನ ಕಿವಿ ಕಾದ ಕಾವಲಿಯಾಯಿತು.

ಮಲ್ಲಿನಾಥ ಎಂಜಿನ್ ಆಫ್ ಮಾಡಿದರು. ಅದು ಅವರ ಮಾತು ಕೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ಧರಣಪ್ಪನವರು ಏಣಿ ಹೊತ್ತು ಓಡಿದರು. ಚಂದ್ರತ್ತೆ ಕೆಂಪಗೆ ಕೆರಳಿ ಇಳಿಯಲು ಎದ್ದಳು, ಎದ್ದವಳು ಅಲ್ಲೇ ಕೂತಳು. ಬೆಲ್ಟಿನ ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಧರಣಪ್ಪ ಎಳೆದರು, ಮಲ್ಲಿನಾಥ ಎಳೆದರು, ಇಬ್ಬರು ಮೆಕ್ಯಾನಿಕ್ಕುಗಳು ಎಣ್ಣೆ ಬಿಟ್ಟು ಎಳೆದರು. ದಳಪತಿಗಳೇ ಮೇಲೆ ಹತ್ತಿ, "ಸರೀರಿ, ನಾನು ನೋಡ್ತೀನಿ," ಎಂದು ಹಲ್ಲು ಕಚ್ಚಿ ತಿರುಗಿಸಿದರು. ಕೊಂಡಿ ಮಿಸುಕಲಿಲ್ಲ.

"ಇದನ್ನ ಹಿಂದೆ ಹೇಗೆ ಬಿಚ್ಚುತ್ತಿದ್ರಯ್ಯಾ?" ಎಂದು ದಳಪತಿಗಳು ಮೆಲ್ಲಗೆ ಕೇಳಿದರು.

"ಬಿಚ್ಚುತ್ತಿರಲಿಲ್ಲ ಸಾರ್," ಎಂದರು ಧರಣಪ್ಪ. "ಕೊಡೆ ಸಣ್ಣಗಿತ್ತಲ್ಲ. ಮೇಲಕ್ಕೆ ಎಳ್ಕೊಳ್ತಿದ್ದೆ."

ದಳಪತಿಗಳು ಮೀಸೆಯ ಮೇಲಿಂದ ಕೈ ತೆಗೆದರು. ಸುಮ್ಮನೆ ಆಕಾಶ ನೋಡಿದರು. ಮತ್ತೆ ಬೆಲ್ಟು ನೋಡಿದರು. "ಇದು ಇನ್ನು ಮೇಲೇರೋದು ಬೇಡ," ಎಂದರು. "ಯಾವುದೂ ಬೇಡ." ಆಮೇಲೆ ಮುಂದಿನ ಸಾಲಿನ ಅತಿಥಿಗಳ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಇವರಿಗೆ ಏನ್ರೀ ತೋರಿಸೋದು ಈಗ?" ಎಂದರು.

ಉತ್ತರ ಕೊಟ್ಟದ್ದು ಚಂದ್ರತ್ತೆ. "ನನ್ನನ್ನಂತೂ ಇಲ್ಲಿಂದ ಕೀಳೋಕೆ ಆಗಲ್ಲ. ರೇಷ್ಮೆ ಸೀರೆ ಉಟ್ಟು ಹತ್ತಿದ ಮೇಲೆ ಎಲ್ಲಿಗಾದ್ರೂ ಹೋಗಲೇಬೇಕು. ಆ ಟ್ರ್ಯಾಕ್ಟರ್ ತರಿಸಿ. ಊರು ಸುತ್ತಿಸಿ."

ಟ್ರ್ಯಾಕ್ಟರ್ ಬಂತು. ಧರಣಪ್ಪನವರು ಅದರ ಚಕ್ರ, ಬ್ರೇಕು, ಎಳೆಯುವ ಹಗ್ಗದ ಒಂದೊಂದು ಎಳೆಯನ್ನೂ ಒಂದೂವರೆ ಗಂಟೆ ಪರೀಕ್ಷಿಸಿದರು. ಜನ ಬಿಸಿಲಿನಲ್ಲಿ ಕಡಲೆಕಾಯಿ ತಿನ್ನುತ್ತ ಕಾದರು. ಕೊನೆಗೆ ಅವರು ರಿಜಿಸ್ಟರಿನಲ್ಲಿ 'ಎಳೆಯಲು ಯೋಗ್ಯ' ಎಂದು ತಾವೇ ಬರೆದು ಸಹಿ ಹಾಕಿದರು. ಈ ಸಲ ದಳಪತಿಗಳು ಅದನ್ನು ಎರಡು ಸಲ ಓದಿದರು.

ನಾಲ್ಕನೇ ನಂಬರು ಪೇಟೆಬೀದಿಯಲ್ಲಿ ಹೊರಟಿತು. ಅಷ್ಟು ವರ್ಷ ತಲೆಯೆತ್ತಿ ನೋಡಿದ್ದವರು ಈಗ ಅದರ ಮೈಮುಟ್ಟಿ ನೋಡಿದರು. ಗ್ರೈಂಡರಿನ ಹೆಂಗಸು ತನ್ನ ಬೋಲ್ಟನ್ನು ದೂರದಿಂದಲೇ ಗುರುತು ಹಿಡಿದಳು. ಧರಣಪ್ಪನವರು ರೆಕ್ಕೆಯ ತುದಿ ಹಿಡಿದು ಪಕ್ಕದಲ್ಲೇ ನಡೆದರು. "ಸ್ವಲ್ಪ ಜೋರಾಗಿ ಹೋಗ್ಲಿ ಅನ್ರೀ!" ಎಂದು ಅತ್ತೆ ಕೂಗಿದಾಗಲೆಲ್ಲ ಟ್ರ್ಯಾಕ್ಟರಿನವನಿಗೆ ನಿಧಾನಿಸಲು ಸನ್ನೆ ಮಾಡಿದರು. ಗುಡ್ಡದಾಚೆಯ ಮುಖಂಡರಲ್ಲಿ ಹಿರಿಯರೊಬ್ಬರು ದಳಪತಿಗಳ ಕಿವಿಯಲ್ಲಿ, "ನಮ್ಮವನ್ನೂ ಹೀಗೇ ಮಾಡಬಹುದು ಅಲ್ವಾ? ನಮ್ಮ ಪೈಲಟ್‌ಗಳು ಒಂದು ವರ್ಷದಿಂದ ರಜೆ ಹಾಕಿ ಕೂತಿದಾರೆ," ಎಂದರು. ಆ ವಾರ ಬದನೆಕಾಯಿ ಎರಡು ಗಾಡಿ ಬಂತು.

ಸುತ್ತು ಮುಗಿದ ಮೇಲೆ ಅತ್ತೆಯ ಬೆಲ್ಟನ್ನು ಅವಳ ಹೊಲಿಗೆ ಕತ್ತರಿಯಿಂದಲೇ ಕತ್ತರಿಸಿದರು. ಇಳಿದವಳು ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ರಿಜಿಸ್ಟರು ತೆಗೆಸಿ, ಒಂದು ಖಾನೆಯ ಮೇಲೆ ಬೆರಳಿಟ್ಟಳು. 'ತಲುಪಿದ ಎತ್ತರ'.

"ಬರಿ."

"ಏನಂತ ಬರೀಲಿ ಅತ್ತೆ? ನೆಲದ ಮೇಲೇ ಇತ್ತಲ್ಲ."

"ನಾನೇನು ನೆಲದ ಮೇಲೆ ಕೂತಿದ್ನಾ?" ಸೊಂಟದಿಂದ ಟೇಪು ತೆಗೆದು ಗಂಡನ ಕೈಗೆ ಕೊಟ್ಟಳು. ಧರಣಪ್ಪನವರು ಹೋಗಿ ಸೀಟಿನ ಎತ್ತರವನ್ನೂ, ಬಂದು ಹೆಂಡತಿಯ ಕೂತ ಎತ್ತರವನ್ನೂ ಅಳೆದರು. ಹತ್ತು ಅಡಿ ನಾಲ್ಕು ಅಂಗುಲ.

"ತುರುಬು ಸೇರಿಸಿದೀರಾ?"

"ಇಲ್ಲ."

"ಸೇರಿಸಿ ಮತ್ತೆ."

ಹತ್ತು ಅಡಿ ಏಳು ಅಂಗುಲ ಎಂದು ಬರೆದೆ. ಅತ್ತೆ ಅಕ್ಷರಗಳ ಮೇಲೆ ಬಗ್ಗಿ ಮಸಿ ಒಣಗುವವರೆಗೂ ನೋಡಿದಳು. ಆಮೇಲೆ ನನ್ನ ಕೆನ್ನೆಯನ್ನು ನೋವಾಗುವಷ್ಟು ಜೋರಾಗಿ ಚಿವುಟಿ, ಗಂಡನನ್ನು ಕರೆದುಕೊಂಡು ಮನೆಗೆ ಹೋದಳು.

ಎಲ್ಲರೂ ಹೋದ ಮೇಲೆ ಪುಟವನ್ನು ಮತ್ತೆ ನೋಡಿದೆ. ಸಹಿ ಹಾಕಿದವರು: ಧರಣಪ್ಪ. ಹಿಂದಿನ ಸೀಟು: ಚಂದ್ರಮ್ಮ. ಮುಂದಿನ ಸೀಟಿಗೆ ಆ ರಿಜಿಸ್ಟರಿನಲ್ಲಿ ಖಾನೆಯೇ ಇರಲಿಲ್ಲ, ಯಾವ ಪುಟದಲ್ಲೂ, ಯಾವ ವರ್ಷದ್ದರಲ್ಲೂ. ಸ್ಕೇಲು ತೆಗೆದು ಅಂಚಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದೆ.

"ಅದೇನ್ರೀ ಗೆರೆ?" ಎಂದು ಯಾರೋ ಕೇಳಿದರು. ತಲೆಯೆತ್ತಿದರೆ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಮಲ್ಲಿನಾಥ ನಿಂತಿದ್ದರು.

"ನಿಮ್ಮ ಪೂರ್ತಿ ಹೆಸರು ಹೇಳಿ," ಎಂದೆ, ಮಸಿಬುಡ್ಡಿಯನ್ನು ನೋಡದೆ.